ಹೊರದೇಶದ ಪ್ರವಾಸಕ್ಕೆ ಯಾವ ಲೆನ್ಸ್? ಹೊರಡುವ ಮುಂಚೆ ನಂದಿಯಲ್ಲೇ ನೋಡಿಕೊಳ್ಳಿ

ಟಿಕೆಟ್ ಬುಕ್ ಆಗಿ, ವೀಸಾ ಬಂದು, ಸೂಟ್‌ಕೇಸು ತುಂಬುವ ಹೊತ್ತಿಗೆ ಲೆನ್ಸಿನ ನೆನಪಾಗುತ್ತದೆ. ಆಗ ಯಾರೋ ಹೇಳಿದ ದೊಡ್ಡ ಜೂಮ್ ತರಿಸಿ, ಒಂದು ದಿನವೂ ಕೈಯಲ್ಲಿ ಹಿಡಿದು ನೋಡದೆ ವಿಮಾನ ಹತ್ತುವವರು ಬಹಳ ಮಂದಿ. ಅಲ್ಲಿಗೆ ಹೋದರೆ ಗೋಪುರ ಫ್ರೇಮಿಗೆ ಹಿಡಿಯುವುದಿಲ್ಲ, ಗುಡಿಯೊಳಗೆ ತೆಗೆದದ್ದೆಲ್ಲ ಅಲುಗಾಡಿರುತ್ತದೆ, ಮೂರನೇ ದಿನಕ್ಕೆ ಕುತ್ತಿಗೆ ಹಿಡಿದು ಕ್ಯಾಮೆರಾ ಹೋಟೆಲಿನಲ್ಲೇ ಉಳಿಯುತ್ತದೆ. ಇದಾಗಬಾರದು ಎಂದರೆ ಹೊರಡುವುದಕ್ಕೆ ಮೂರು ವಾರ ಮುಂಚೆಯೇ ಕೆಲಸ ಶುರು ಮಾಡಿ. ಪರೀಕ್ಷೆಗೆ ಬೇಕಾದ ಜಾಗಗಳು ಚಿಕ್ಕಬಳ್ಳಾಪುರದ ಪಕ್ಕದಲ್ಲೇ ಇವೆ: ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ, ಅದರ ಮೇಲಿನ ನಂದಿಬೆಟ್ಟ. ಕೋಲಾರದವರಿಗೆ ಸೋಮೇಶ್ವರ ದೇವಸ್ಥಾನ ಮತ್ತು ಅಂತರಗಂಗೆ, ತುಮಕೂರಿನವರಿಗೆ ಕೈದಾಳದ ಚೆನ್ನಕೇಶವ ಮತ್ತು ದೇವರಾಯನದುರ್ಗ ಅದೇ ಕೆಲಸಕ್ಕೆ ಬರುತ್ತವೆ.

ನಮ್ಮ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇವೆ. ಊರು ನೋಡುವ ಪ್ರವಾಸಕ್ಕೆ ಎರಡು ಲೆನ್ಸ್ ಸಾಕು. ಒಂದು, ಅಗಲದಿಂದ ಶುರುವಾಗಿ ಮಧ್ಯಮ ದೂರದವರೆಗೆ ಹೋಗುವ ಜೂಮ್. ಇನ್ನೊಂದು, ಕತ್ತಲೆಗೆಂದು ಎಫ್ 1.8ರ ಆಸುಪಾಸಿನ ಚಿಕ್ಕ ಪ್ರೈಮ್, ಅಂದರೆ ಜೂಮ್ ಆಗದ ಲೆನ್ಸ್. ಎಫ್ ಅಂಕಿ ಲೆನ್ಸಿನ ಬಾಯಿ (ಅಪರ್ಚರ್) ಎಷ್ಟು ತೆರೆದಿದೆ ಎಂದು ಹೇಳುತ್ತದೆ, ಅಂಕಿ ಚಿಕ್ಕದಾದಷ್ಟೂ ಬೆಳಕು ಹೆಚ್ಚು. ಮೂರನೆಯದು ಬೇಕೋ ಬೇಡವೋ ಎಂಬುದನ್ನು ನಿಮ್ಮ ಹಳೆಯ ಫೋಟೊಗಳೇ ಹೇಳುತ್ತವೆ.

ಮೊದಲು ಬಾಡಿ ಯಾವುದು ನೋಡಿ

ಬಾಡಿ ಎಂದರೆ ಲೆನ್ಸ್ ಬಿಟ್ಟ ಕ್ಯಾಮೆರಾ. ಲೆನ್ಸಿನ ಮೇಲೆ ಬರೆದ ಎಂಎಂ (ಫೋಕಲ್ ಲೆಂಗ್ತ್, ಚಿಕ್ಕದಾದಷ್ಟೂ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ) ಎಲ್ಲ ಕ್ಯಾಮೆರಾದಲ್ಲೂ ಒಂದೇ ಅಗಲ ಕೊಡುವುದಿಲ್ಲ. ಫುಲ್ ಫ್ರೇಮ್ ಸೆನ್ಸರ್ (ಒಳಗೆ ಬೆಳಕು ಹಿಡಿಯುವ ಫಲಕ) 36×24 ಎಂಎಂ ಇರುತ್ತದೆ. ಮನೆಗಳಲ್ಲಿ ಹೆಚ್ಚಾಗಿ ಇರುವ ಎಪಿಎಸ್‌-ಸಿ ಸೆನ್ಸರ್ ಅದಕ್ಕಿಂತ ಚಿಕ್ಕದು. ನಿಕಾನ್, ಸೋನಿ, ಫ್ಯೂಜಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. ಅಂದರೆ ಕ್ಯಾಮೆರಾ ಜೊತೆಗೇ ಬರುವ 18-55 ಕಿಟ್ ಲೆನ್ಸಿನ 18 ಎಂಎಂ ಫುಲ್ ಫ್ರೇಮಿನ 27 ಅಥವಾ 29ಕ್ಕೆ ಸಮ. ಮುಂದೆ ಬರುವ ಲೆಕ್ಕಗಳೆಲ್ಲ, ಬೇರೆ ಹೇಳದಿದ್ದರೆ, ಎಪಿಎಸ್‌-ಸಿಗೆ ಸೇರಿದವು.

ಮೌಂಟ್, ಅಂದರೆ ಲೆನ್ಸನ್ನು ಬಾಡಿಗೆ ಸೇರಿಸುವ ಬಳೆಯ ವಿಷಯದಲ್ಲಿ ದುಡ್ಡು ಕಳೆದುಕೊಳ್ಳುವವರು ಕಮ್ಮಿಯೇನಿಲ್ಲ. ಕ್ಯಾನನ್‌ನ ಹಳೆಯ ಇಎಫ್ ಲೆನ್ಸುಗಳು ಅಡಾಪ್ಟರ್ ಹಾಕಿದರೆ ಹೊಸ ಆರ್‌ಎಫ್ ಬಾಡಿಯ ಮೇಲೆ ಕೂರುತ್ತವೆ, ಆದರೆ ಆರ್‌ಎಫ್ ಲೆನ್ಸ್ ಹಳೆಯ ಬಾಡಿಯ ಮೇಲೆ ಕೂರುವುದಿಲ್ಲ. ನಿಕಾನ್ ಡಿ 3500, ಡಿ 5600ರಂಥ ಬಾಡಿಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಅವಕ್ಕೆ ತನ್ನದೇ ಮೋಟಾರ್ ಇಲ್ಲದ ಹಳೆಯ ಎಎಫ್‌-ಡಿ ಲೆನ್ಸ್ ಹಾಕಿದರೆ ಕೈಯಿಂದಲೇ ಫೋಕಸ್ ಮಾಡಬೇಕು. ಸೆಕೆಂಡ್ ಹ್ಯಾಂಡಿನಲ್ಲಿ ಅಗ್ಗಕ್ಕೆ ಸಿಗುವ 50 ಎಂಎಂ ಎಷ್ಟೋ ಸಲ ಈ ಎಎಫ್‌-ಡಿಯೇ ಆಗಿರುತ್ತದೆ. ಇನ್ನೂ ಹಳೆಯ ಡಿ 3200, ಡಿ 5100, ಡಿ 7000ರಲ್ಲಿ ಎಎಫ್‌-ಪಿ ಎಂದು ಬರೆದ ಹೊಸ ಲೆನ್ಸುಗಳು ಫೋಕಸ್ ಆಗುವುದೇ ಇಲ್ಲ. ಆದ್ದರಿಂದ ಲೆನ್ಸಿನ ಪೂರ್ತಿ ಹೆಸರನ್ನು ಅಕ್ಷರ ಬಿಡದೆ ಓದಿ, ಆಮೇಲೆ ದುಡ್ಡು ಕೊಡಿ.

ಹಳೆಯ ಫೋಟೊ ಎಣಿಸಿ

ಕಳೆದ ಎರಡು ಮೂರು ಪ್ರವಾಸಗಳ ಸುಮಾರು 300 ಫೋಟೊ ತೆಗೆದುಕೊಳ್ಳಿ. ಹಂಪಿ, ಮಧುರೈ, ಎಲ್ಲಿಯದಾದರೂ ಸರಿ. ಕಂಪ್ಯೂಟರಿನಲ್ಲಿ ಫೋಟೊ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್, ಡೀಟೇಲ್ಸ್ ನೋಡಿದರೆ ಫೋಕಲ್ ಲೆಂಗ್ತ್ ಇರುತ್ತದೆ. ಕಾಗದದ ಮೇಲೆ ಮೂರು ಸಾಲು ಮಾಡಿ: 18ರಿಂದ 24, 25ರಿಂದ 54, ಮತ್ತು 55ಕ್ಕೇ ತಾಗಿ ನಿಂತವು. ಒಂದೊಂದಕ್ಕೂ ಒಂದೊಂದು ಗೀಟು ಹಾಕುತ್ತಾ ಹೋಗಿ.

ಅರ್ಧಕ್ಕಿಂತ ಹೆಚ್ಚು 18ರಲ್ಲೇ ಇದ್ದರೆ ನಿಮಗೆ ಬೇಕಿರುವುದು ಅಗಲ. 55ರಲ್ಲಿ ರಾಶಿ ಬಿದ್ದಿದ್ದರೆ ನೀವು ದೂರದ್ದನ್ನು ಹತ್ತಿರ ಎಳೆಯುವ ಸ್ವಭಾವದವರು. ಈ ಎಣಿಕೆಗೆ ಒಂದು ಗಂಟೆ ಹಿಡಿಯುತ್ತದೆ, ಆದರೆ ಅಂಗಡಿಯವರ ಮಾತಿಗಿಂತ, ಯೂಟ್ಯೂಬಿನ ವಿಮರ್ಶೆಗಿಂತ ಹೆಚ್ಚು ನಂಬಿಕಸ್ಥ.

ದೂರದ ಲೆಕ್ಕ

ಎಷ್ಟು ಅಗಲ ಬೇಕು ಎಂದು ಊಹೆ ಮಾಡಬೇಕಿಲ್ಲ. ಕ್ಯಾಮೆರಾ ಅಡ್ಡ ಹಿಡಿದಾಗ ಫ್ರೇಮಿನಲ್ಲಿ ಹಿಡಿಯುವ ಅಗಲ ಎಂದರೆ ವಸ್ತುವಿಗೆ ಇರುವ ದೂರವನ್ನು ಒಂದು ಅಂಕಿಯಿಂದ ಗುಣಿಸಿದಷ್ಟು. ಆ ಅಂಕಿ ಇವು: 10 ಎಂಎಂಗೆ 2.35, 16ಕ್ಕೆ ಒಂದೂವರೆ, 18ಕ್ಕೆ 1.3, 24ಕ್ಕೆ 1, 35ಕ್ಕೆ ಮೂರನೇ ಎರಡು ಭಾಗ, 50ಕ್ಕೆ ಅರ್ಧಕ್ಕಿಂತ ಚೂರು ಕಮ್ಮಿ. ಕ್ಯಾನನ್ ಎಪಿಎಸ್‌-ಸಿಯಲ್ಲಿ ಎಲ್ಲವೂ ಸ್ವಲ್ಪ ಕಮ್ಮಿ.

ಇದನ್ನು ಭೋಗನಂದೀಶ್ವರದ ಅಂಗಳದಲ್ಲಿ ಅಳೆದು ನೋಡಿ. ಗುಡಿಯ ಮುಂಭಾಗಕ್ಕೆ ಎದುರಾಗಿ ಗೋಡೆಯಿಂದ 20 ದೊಡ್ಡ ಹೆಜ್ಜೆ, ಅಂದರೆ ಸುಮಾರು 15 ಮೀಟರ್ ಹಿಂದಕ್ಕೆ ಬನ್ನಿ. 18 ಎಂಎಂನಲ್ಲಿ ಹಿಡಿಯುವುದು ಹತ್ತೊಂಬತ್ತೂವರೆ ಮೀಟರ್ ಅಗಲ, 24ರಲ್ಲಿ 15 ಮೀಟರ್. ಎರಡನ್ನೂ ತೆಗೆದು ಪಕ್ಕಪಕ್ಕ ಇಟ್ಟು ನೋಡಿದರೆ ಆರು ಎಂಎಂ ಎಂದರೇನು ಎಂಬುದು ಕಣ್ಣಿಗೆ ಕಟ್ಟುತ್ತದೆ. ಅಗಲದ ಕಡೆ ಒಂದೊಂದು ಎಂಎಂ ಕೂಡ ಬೆಲೆಯುಳ್ಳದ್ದು. 130 ಮತ್ತು 135ರ ನಡುವೆ ಅಂಥ ವ್ಯತ್ಯಾಸವೇನೂ ಇಲ್ಲ.

ಈಗ ಇದೇ ಲೆಕ್ಕವನ್ನು ನೀವು ಹೋಗುವ ಊರಿಗೆ ಹಾಕಿ. ಕಾಂಬೋಡಿಯಾದ ಆಂಕೋರ್ ವಾಟ್‌ನ ಪೂರ್ವದ ಮೊಗಸಾಲೆಯಲ್ಲಿ ಸಮುದ್ರಮಥನದ ಉಬ್ಬುಶಿಲ್ಪ ಸುಮಾರು 49 ಮೀಟರ್ ಉದ್ದ ಇದೆ. ಮೊಗಸಾಲೆ ಎಂದ ಮೇಲೆ ಹಿಂದಕ್ಕೆ ಸರಿಯಲು ಜಾಗ ಇರುವುದಿಲ್ಲ. 3 ಮೀಟರ್ ಸಿಕ್ಕಿತು ಎಂದಿಟ್ಟುಕೊಂಡರೂ 18 ಎಂಎಂನಲ್ಲಿ ಒಂದು ಸಲಕ್ಕೆ 3.9 ಮೀಟರ್. ಪಕ್ಕದ ಚಿತ್ರದೊಂದಿಗೆ ಮೂರನೇ ಒಂದು ಭಾಗ ಮೇಲುಮೇಲೆ ಬರುವಂತೆ ತೆಗೆದರೆ 19 ಚಿತ್ರ ಬೇಕು. ಇದನ್ನು ಮೊದಲೇ ಗೊತ್ತುಮಾಡಿಕೊಂಡು ಹೋದವರು ಗೋಡೆಗೆ ಸಮಾನಾಂತರವಾಗಿ ಹೆಜ್ಜೆ ಹಾಕುತ್ತಾ ಒಂದೇ ಎತ್ತರದಲ್ಲಿ ಮುಗಿಸಿಬಿಡುತ್ತಾರೆ. ಗೊತ್ತಿಲ್ಲದವರು ಒಂದು ತುದಿಯಲ್ಲಿ ನಿಂತು ಓರೆಯಾಗಿ ಹೊಡೆದುಕೊಂಡು ಬರುತ್ತಾರೆ, ಅದರಲ್ಲಿ ದೇವರೂ ಕಾಣುವುದಿಲ್ಲ, ಅಸುರರೂ ಕಾಣುವುದಿಲ್ಲ.

ದುಬೈನ ಬುರ್ಜ್ ಖಲೀಫಾ 828 ಮೀಟರ್ ಎತ್ತರ. ಬುಡದಿಂದ 260 ಮೀಟರ್ ದೂರದಲ್ಲಿ ಕ್ಯಾಮೆರಾ ಉದ್ದಕ್ಕೆ ಹಿಡಿದು ಮೇಲಕ್ಕೆ ಬಾಗಿಸಿದರೆ 16 ಎಂಎಂ ಲೆನ್ಸಿಗೆ ಬುಡದಿಂದ ತುದಿ ಅಷ್ಟಕ್ಕಷ್ಟೇ ಹಿಡಿಯುತ್ತದೆ. 18 ಎಂಎಂ ಆದರೆ 360 ಮೀಟರಿಗೂ ಹಿಂದಕ್ಕೆ ಹೋಗಬೇಕು. ಪ್ಯಾಕೇಜ್ ಟೂರಿನಲ್ಲಿ ಬಸ್ಸಿಳಿದು ಇಪ್ಪತ್ತು ನಿಮಿಷ ಕೊಟ್ಟಾಗ ಈ ನೂರು ಚಿಲ್ಲರೆ ಮೀಟರ್ ನಡೆಯುವುದಕ್ಕೂ ಹೊತ್ತಿರುವುದಿಲ್ಲ.

ಹೀಗೆ ಮೇಲಕ್ಕೆ ಬಾಗಿಸಿದಾಗ ಕಟ್ಟಡ ಹಿಂದಕ್ಕೆ ವಾಲಿದಂತೆ ಬರುತ್ತದೆ. ಅದು ಲೆನ್ಸಿನ ದೋಷವಲ್ಲ, ಸೆನ್ಸರ್ ಕಟ್ಟಡಕ್ಕೆ ಸಮಾನಾಂತರವಾಗಿ ಇಲ್ಲದ್ದರಿಂದ ಆಗುವುದು. ಜಾಗ ಇದ್ದ ಕಡೆ ಹಿಂದಕ್ಕೆ ಹೋಗಿ, ಕ್ಯಾಮೆರಾ ನೆಟ್ಟಗೆ ಹಿಡಿದು ತೆಗೆದು, ಕೆಳಗಿನ ಬರಿ ನೆಲವನ್ನು ಆಮೇಲೆ ಕತ್ತರಿಸಿ.

ದಿನವಿಡೀ ಬಾಡಿಯಲ್ಲೇ ಇರುವ ಜೂಮ್

ಹಗಲಿನ ಹತ್ತರಲ್ಲಿ ಒಂಬತ್ತು ಫೋಟೊ ಇದರಲ್ಲೇ ಆಗಬೇಕು. ಎಪಿಎಸ್‌-ಸಿಗೆ 16, 17 ಅಥವಾ 18ರಿಂದ, ಫುಲ್ ಫ್ರೇಮಿಗೆ 24ರಿಂದ ಶುರುವಾಗುವುದನ್ನೇ ತೆಗೆದುಕೊಳ್ಳಿ. ಫುಲ್ ಫ್ರೇಮಿನಲ್ಲಿ 28ರಿಂದ ಶುರುವಾಗುವ ಲೆನ್ಸ್ ಹಗುರ ಎಂದು ಮನಸ್ಸು ಎಳೆಯುತ್ತದೆ, ಆದರೆ ಹಳೆಯ ಊರುಗಳ ಇಕ್ಕಟ್ಟು ಬೀದಿಯಲ್ಲಿ ಆ ನಾಲ್ಕು ಎಂಎಂ ಬೇಕೇ ಬೇಕಾಗುತ್ತದೆ.

ಸೋನಿ ಎಪಿಎಸ್‌-ಸಿ ಇರುವವರಿಗೆ 18-135 ಲೆನ್ಸ್ 325 ಗ್ರಾಂ. ಸಿಗ್ಮಾ 18-50 ಎಫ್ 2.8 ಅದಕ್ಕಿಂತ ಹಗುರ, 290 ಗ್ರಾಂ, ಬೆಳಕೂ ಹೆಚ್ಚು ಹೀರುತ್ತದೆ, ಆದರೆ ದೂರ ಎಳೆಯುವುದಿಲ್ಲ. ಟ್ಯಾಮ್ರಾನ್ 17-70 ಎಫ್ 2.8 ಎರಡರ ನಡುವಿನದು, ತೂಕ ಮಾತ್ರ 525 ಗ್ರಾಂ. ಕ್ಯಾನನ್ ಆರ್ ಸರಣಿಯ ಚಿಕ್ಕ ಬಾಡಿಗಳಿಗೆ ಆರ್‌ಎಫ್-ಎಸ್ 18-150, 310 ಗ್ರಾಂ. ನಿಕಾನ್ ಝಡ್ ಡಿಎಕ್ಸ್‌ಗೆ (ನಿಕಾನ್ ತನ್ನ ಎಪಿಎಸ್‌-ಸಿಯನ್ನು ಡಿಎಕ್ಸ್ ಎನ್ನುತ್ತದೆ) 18-140, 315 ಗ್ರಾಂ. ಫುಲ್ ಫ್ರೇಮಿನವರಿಗೆ ನಿಕಾನ್ ಝಡ್ 24-120 ಎಫ್ 4 (630 ಗ್ರಾಂ), ಸೋನಿ 24-105 ಎಫ್ 4 (663 ಗ್ರಾಂ), ಕ್ಯಾನನ್ ಆರ್‌ಎಫ್ 24-105 ಎಫ್ 4 (700 ಗ್ರಾಂ) ಮೂರೂ ಊರು ಸುತ್ತುವುದಕ್ಕೆ ಹೇಳಿ ಮಾಡಿಸಿದಂಥವು.

ಮದುವೆ ಫೋಟೊಗ್ರಾಫರ್ ಬಳಿ ಇರುವ 24-70 ಮತ್ತು 70-200 ಎಫ್ 2.8 ಜೋಡಿಯನ್ನು ಕೇಳಿ ತೆಗೆದುಕೊಂಡು ಹೋಗುವವರಿದ್ದಾರೆ. ಕ್ಯಾನನ್ ಇಎಫ್‌ನ ಆ ಜೋಡಿ ಬಾಡಿ ಬಿಟ್ಟೇ 2 ಕೆಜಿ 300 ಗ್ರಾಂ ಹತ್ತಿರ ತೂಗುತ್ತದೆ. ಮಂಟಪದಲ್ಲಿ ನಾಲ್ಕು ಗಂಟೆ ಕೆಲಸ ಮಾಡುವವರಿಗೆ ಅದು ಸರಿ. ದಿನಕ್ಕೆ ಎಂಟು ಹತ್ತು ಕಿಲೋಮೀಟರ್ ನಡೆಯುವವರಿಗೆ ಬೇಡವೇ ಬೇಡ.

ಕತ್ತಲೆಯ ಲೆನ್ಸ್

ಭೋಗನಂದೀಶ್ವರದಲ್ಲಿ ಉಮಾಮಹೇಶ್ವರನ ಮುಂದೆ ಕಲ್ಯಾಣ ಮಂಟಪವಿದೆ. ಕಪ್ಪುಗಲ್ಲಿನ ಕಂಬಗಳು, ಬೆರಳು ತೂರದಷ್ಟು ಸೂಕ್ಷ್ಮ ಕೆತ್ತನೆ. ಬೆಳಿಗ್ಗೆ ಹೊತ್ತು ಹೊರಗೆ ಕಣ್ಣು ಕೋರೈಸುವ ಬಿಸಿಲಿದ್ದರೂ ಒಳಗಿನ ಕಲ್ಲು ಬೆಳಕನ್ನೆಲ್ಲ ನುಂಗಿಕೊಂಡಿರುತ್ತದೆ. ಯುರೋಪಿನ ಚರ್ಚು, ಆಂಕೋರಿನ ಒಳಪ್ರಾಕಾರ, ಯಾವುದೇ ಮ್ಯೂಸಿಯಂ, ಎಲ್ಲದರ ಬೆಳಕಿನ ಸಮಸ್ಯೆಯೂ ಇದೇ ಜಾತಿಯದು. ಅದಕ್ಕೇ ಈ ಜಾಗವನ್ನು ಪರೀಕ್ಷೆಗೆ ಸೂಚಿಸುತ್ತಿರುವುದು.

ಕಂಬದಿಂದ ಒಂದೂವರೆ ಮೀಟರ್ ದೂರ ನಿಂತು, ಶಟರ್ ವೇಗ 1/60 ಸೆಕೆಂಡಿಗೆ ಇಟ್ಟು, ಐಎಸ್‌ಒ (ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ, ಏರಿದಷ್ಟೂ ಫೋಟೊ ಒರಟು) ಆಟೋದಲ್ಲಿ ಬಿಡಿ. ಕಿಟ್ ಲೆನ್ಸಿನಲ್ಲಿ 55 ಎಂಎಂ, ಎಫ್ 5.6ರಲ್ಲಿ ಒಂದು ತೆಗೆಯಿರಿ. ಆಮೇಲೆ ಎಫ್ 1.8 ಪ್ರೈಮಿನಲ್ಲಿ ಒಂದು. ಎಫ್ 1.8ರ ಬಾಯಿಂದ ಎಫ್ 5.6ಕ್ಕಿಂತ ಹತ್ತಿರ ಹತ್ತಿರ ಹತ್ತು ಪಟ್ಟು ಬೆಳಕು ಬರುತ್ತದೆ. ಮೊದಲನೆಯದು ಐಎಸ್‌ಒ 6400 ಕೇಳಿದ್ದರೆ ಎರಡನೆಯದಕ್ಕೆ 640 ಸಾಕು. ಮನೆಗೆ ಬಂದು ದೊಡ್ಡದು ಮಾಡಿ ನೋಡಿ: ಒಂದರಲ್ಲಿ ಕೆತ್ತಿದ ಹಾರದ ಮಣಿಗಳನ್ನು ಎಣಿಸಬಹುದು, ಇನ್ನೊಂದರಲ್ಲಿ ಮಣಿಯೂ ಕಲ್ಲಿನ ಒರಟೂ ಕಲಸಿಹೋಗಿರುತ್ತವೆ.

ಲೆನ್ಸಿನಲ್ಲಿ ಸ್ಟೆಬಿಲೈಸರ್ ಇದೆಯಲ್ಲ, ಪ್ರೈಮ್ ಯಾಕೆ ಎಂಬ ಪ್ರಶ್ನೆ ಬರುತ್ತದೆ. ಸ್ಟೆಬಿಲೈಸರ್ ನಿಮ್ಮ ಕೈ ನಡುಕವನ್ನು ತಡೆಯುತ್ತದೆ, ಎದುರಿನವರ ಚಲನೆಯನ್ನಲ್ಲ. ಕಲ್ಲಿನ ಕಂಬ 1/8ರಲ್ಲೂ ಚೆನ್ನಾಗಿ ಬಂದೀತು, ಆದರೆ ಅದರ ಪಕ್ಕ ನಿಂತ ಅಮ್ಮನ ಮುಖ ಬರುವುದಿಲ್ಲ.

ಎಪಿಎಸ್‌-ಸಿಗೆ 50 ಎಂಎಂ ಬೇಡ. ಅದು ಒಳಾಂಗಣಕ್ಕೆ ಇಕ್ಕಟ್ಟು, ಎದುರಿನ ಗೋಡೆಗೆ ಬೆನ್ನು ತಾಗಿಸಿದರೂ ಸೊಂಟದ ಮೇಲಷ್ಟೇ ಹಿಡಿಯುತ್ತದೆ. 24ರಿಂದ 35ರ ಒಳಗೆ ನೋಡಿ. ನಿಕಾನ್ ಡಿಎಸ್‌ಎಲ್‌ಆರ್‌ಗೆ (ಒಳಗೆ ಕನ್ನಡಿ ಇರುವ ಹಳೆಯ ಬಗೆಯ ಕ್ಯಾಮೆರಾ) ಡಿಎಕ್ಸ್ 35 ಎಫ್ 1.8 ಇದೆ, 200 ಗ್ರಾಂ. ಸೋನಿಗೆ 35 ಎಫ್ 1.8, 154 ಗ್ರಾಂ. ನಿಕಾನ್ ಝಡ್‌ಗೆ 24 ಎಫ್ 1.7, 135 ಗ್ರಾಂ. ಕ್ಯಾನನ್ ಡಿಎಸ್‌ಎಲ್‌ಆರ್‌ನವರಿಗೆ 24 ಎಫ್ 2.8 ಅಂಗೈಯಲ್ಲಿ ಮುಚ್ಚಿಹೋಗುವಷ್ಟು ಚಿಕ್ಕದು, 125 ಗ್ರಾಂ. ಬೆಳಕು ಎಫ್ 1.8ರಷ್ಟಿಲ್ಲ, ಆದರೂ ಎಫ್ 5.6ರ ನಾಲ್ಕು ಪಟ್ಟು.

ಇಲ್ಲಿ ಎಡವುವ ಜಾಗ ಒಂದಿದೆ. ಮನೆಮಂದಿಯನ್ನು ಎರಡು ಸಾಲಾಗಿ ನಿಲ್ಲಿಸಿ 3 ಮೀಟರ್ ದೂರದಿಂದ 35 ಎಂಎಂ, ಎಫ್ 1.8ರಲ್ಲಿ ತೆಗೆದರೆ ಸ್ಪಷ್ಟವಾಗಿ ಬರುವ ಆಳ ಅರ್ಧ ಮೀಟರ್ ಮಾತ್ರ. ಮುಂದಿನ ಸಾಲು ಚೊಕ್ಕ, ಹಿಂದೆ ನಿಂತ ಅತ್ತೆ ಮಾವ ಮಸುಕು. ಎಫ್ 4ಕ್ಕೆ ತಂದರೆ ಆಳ ಒಂದು ಮೀಟರ್ ದಾಟುತ್ತದೆ, ಎಲ್ಲರೂ ಬರುತ್ತಾರೆ. ಕಂಬ, ವಿಗ್ರಹ, ಒಬ್ಬರ ಮುಖ ಎಂದರೆ 1.8. ಗುಂಪು ಎಂದರೆ 4.

ಮೂರನೆಯ ಲೆನ್ಸ್

ಎಣಿಕೆಯಲ್ಲಿ 18 ಎಂಎಂ ತುಂಬಿ ತುಳುಕಿದವರು ಅಲ್ಟ್ರಾ ವೈಡ್ ಒಂದನ್ನು ಸೇರಿಸಬಹುದು. ಕ್ಯಾನನ್ 10-18 (240 ಗ್ರಾಂ), ನಿಕಾನ್ 10-20 (230 ಗ್ರಾಂ) ಎರಡೂ ಹಗುರ. ಇವುಗಳಲ್ಲಿ ಜನರನ್ನು ಫ್ರೇಮಿನ ಅಂಚಿಗೆ ನಿಲ್ಲಿಸಬೇಡಿ, ಮುಖ ಎಳೆದಂತಾಗಿ ತೋಳು ದಪ್ಪ ಬರುತ್ತದೆ. ನಡುವೆ ನಿಲ್ಲಿಸಿ.

ದೂರದ್ದನ್ನು ಹತ್ತಿರ ಎಳೆಯುವ ಟೆಲಿ ಲೆನ್ಸ್ ಬೇಕಾಗುವುದು ಸ್ವಿಟ್ಜರ್ಲೆಂಡಿನಂಥ ಬೆಟ್ಟದ ಸೀಮೆಗೆ. ಊರು, ಕೋಟೆ, ಮ್ಯೂಸಿಯಮ್ಮಿಗೆ ಬೇಡ.

ತೆಗೆದುಕೊಳ್ಳುವಾಗ ಪರೀಕ್ಷೆ

ಹೊಸದಾಗಲಿ, ಹಳೆಯದಾಗಲಿ, ಬೆಂಗಳೂರಿನಿಂದ ಬಾಡಿಗೆಗೆ ತಂದದ್ದಾಗಲಿ, ಪರೀಕ್ಷೆ ಒಂದೇ. ದಿನಪತ್ರಿಕೆಯ ವರ್ಗೀಕೃತ ಜಾಹೀರಾತಿನ ಪುಟ ತೆಗೆದುಕೊಳ್ಳಿ, ಸಣ್ಣ ಅಕ್ಷರ ಒತ್ತೊತ್ತಾಗಿ ಇರುವುದರಿಂದ ಇದಕ್ಕಿಂತ ಒಳ್ಳೆಯ ಚಾರ್ಟ್ ಬೇಡ. ಬಿಡಿಸಿದ ಎರಡು ಪುಟಗಳನ್ನು ಬೆಳಕಿರುವ ಗೋಡೆಗೆ ಸುಕ್ಕಿಲ್ಲದಂತೆ ಅಂಟಿಸಿ. ಕ್ಯಾಮೆರಾವನ್ನು ಸ್ಟೂಲಿನ ಮೇಲೋ ಟ್ರೈಪಾಡಿನ ಮೇಲೋ ಪುಟದ ನಡುಮಧ್ಯಕ್ಕೆ ನೇರವಾಗಿ ಇಟ್ಟು, ಎರಡು ಸೆಕೆಂಡ್ ಟೈಮರ್ ಹಾಕಿ, ಅಪರ್ಚರ್ ಪೂರ್ತಿ ತೆರೆದು ಒಂದು, ಎಫ್ 8ರಲ್ಲಿ ಒಂದು ತೆಗೆಯಿರಿ. ಜೂಮ್ ಆದರೆ ಎರಡೂ ತುದಿಯಲ್ಲಿ ಹೀಗೆ ಮಾಡಿ.

ನಾಲ್ಕೂ ಮೂಲೆಯ ಅಕ್ಷರ ಓದಿ. ನಾಲ್ಕೂ ಒಂದೇ ಸಮ ಮೆತ್ತಗಿದ್ದರೆ ಅದು ಆ ಲೆನ್ಸಿನ ಗುಣ, ಎಫ್ 8ರಲ್ಲಿ ಸರಿಹೋಗುತ್ತದೆ. ಒಂದೇ ಮೂಲೆ ಮಂಕಾಗಿ ಉಳಿದ ಮೂರು ಚೊಕ್ಕ ಇದ್ದರೆ ಕ್ಯಾಮೆರಾ ನೇರ ಇದೆಯೇ ಎಂದು ಇನ್ನೊಮ್ಮೆ ನೋಡಿ. ಮತ್ತೆ ಅದೇ ಮೂಲೆ ಮಂಕಾದರೆ ಒಳಗಿನ ಗಾಜು ಜರುಗಿದೆ ಎಂದು ಅರ್ಥ. ಆ ಲೆನ್ಸ್ ವಾಪಸ್ ಕೊಡಿ.

ಸೆಕೆಂಡ್ ಹ್ಯಾಂಡ್ ಲೆನ್ಸಿಗೆ ಹಿಂದಿನಿಂದ ಮೊಬೈಲ್ ಟಾರ್ಚ್ ಬಿಟ್ಟು ಮುಂದಿನಿಂದ ಓರೆಯಾಗಿ ನೋಡಿ. ಒಂದೆರಡು ಧೂಳಿನ ಚುಕ್ಕೆಗೆ ಹೆದರಬೇಡಿ. ಜೇಡರ ಬಲೆಯ ಹಾಗೆ ಎಳೆ ಎಳೆಯಾಗಿ ಕಂಡರೆ ಅದು ಬೂಷ್ಟು, ಎಷ್ಟು ಅಗ್ಗವಾದರೂ ಬೇಡ. ಜೂಮನ್ನು ನೆಲದ ಕಡೆ ಮುಖ ಮಾಡಿ ಹಿಡಿದಾಗ ತಾನಾಗಿಯೇ ಜಾರಿ ಉದ್ದವಾದರೆ ಒಳಗೆ ಸಡಿಲಾಗಿದೆ. ಬಾಡಿಗೆ ಲೆನ್ಸ್ ಆದರೆ ಒಂದು ದಿನದ ಬಾಡಿಗೆ ಹೆಚ್ಚಾದರೂ ಸರಿ, ಹೊರಡುವುದಕ್ಕೆ ಎರಡು ದಿನ ಮುಂಚೆ ತನ್ನಿ. ಕೊಡುವವರ ಎದುರಿಗೇ ಗಾಜು, ಮೌಂಟ್, ಅಂಚಿನ ಗೀರುಗಳ ಫೋಟೊ ತೆಗೆದಿಟ್ಟುಕೊಳ್ಳಿ, ಇಲ್ಲದಿದ್ದರೆ ಹಳೆಯ ಗೀರು ನಿಮ್ಮ ತಲೆಗೆ ಬರುತ್ತದೆ.

ತೂಕ

ಎಲ್ಲವನ್ನೂ ಚೀಲಕ್ಕೆ ಹಾಕಿ, ನೀರಿನ ಬಾಟಲಿ ಸಮೇತ, ಒಂದು ಭಾನುವಾರ ಬೆಟ್ಟ ಸುತ್ತಿ. ದೇವರಾಯನದುರ್ಗದಲ್ಲಿ ಯೋಗನರಸಿಂಹನ ಮೆಟ್ಟಿಲು, ಕೋಲಾರದಲ್ಲಿ ಅಂತರಗಂಗೆಯ ಮೆಟ್ಟಿಲು ಇದಕ್ಕೆ ಚೆನ್ನಾಗಿವೆ. ಮೂರು ಗಂಟೆಯ ಮೇಲೂ ಕ್ಯಾಮೆರಾ ಕೈಗೆ ತೆಗೆಯುವ ಮನಸ್ಸಿದ್ದರೆ ತೂಕ ಸರಿಯಿದೆ. ಉದಾಹರಣೆಗೆ ಸೋನಿ ಎ 6400 ಬಾಡಿ (403 ಗ್ರಾಂ), 18-135, 35 ಎಫ್ 1.8 ಮೂರೂ ಸೇರಿ 900 ಗ್ರಾಂ ಒಳಗೆ ಮುಗಿಯುತ್ತದೆ. ಬಹಳಷ್ಟು ಏರ್‌ಲೈನ್‌ಗಳಲ್ಲಿ ಎಕಾನಮಿ ಟಿಕೆಟಿನ ಕೈಚೀಲಕ್ಕೆ 7 ಕೆಜಿಯೇ ಮಿತಿ ಎಂಬುದೂ ತಲೆಯಲ್ಲಿರಲಿ.

ಅಲ್ಲಿ ಕೈಕೊಡುವ ಸಂಗತಿಗಳು

ಸಿಂಗಪುರ, ಮಲೇಷ್ಯಾದಲ್ಲಿ ಎಸಿ ಬಸ್ಸಿನಿಂದ ಇಳಿದ ತಕ್ಷಣ ಲೆನ್ಸ್ ಮೇಲೆ ಮಂಜು ಕಟ್ಟುತ್ತದೆ. ತಣ್ಣಗಿನ ಗಾಜಿಗೆ ತೇವದ ಬಿಸಿಗಾಳಿ ತಾಗಿ ಹನಿಯಾಗುವುದು, ಫ್ರಿಜ್ಜಿನಿಂದ ತೆಗೆದ ಚೊಂಬು ಬೆವರುವ ಹಾಗೆ. ಒರೆಸಿದರೆ ಮತ್ತೆ ಕಟ್ಟುತ್ತದೆ, ಗಾಜು ಬೆಚ್ಚಗಾಗುವವರೆಗೆ ಬಿಡುವುದಿಲ್ಲ. ಹೋಟೆಲ್ ರೂಮಿನಿಂದ ಹೊರಡುವ ಅರ್ಧ ಗಂಟೆ ಮುಂಚೆ ಕ್ಯಾಮೆರಾವನ್ನು ಜಿಪ್ ಕವರಿನಲ್ಲಿ ಮುಚ್ಚಿ, ಎಸಿ ಇಲ್ಲದ ಕಡೆ ಅಥವಾ ಬಾಲ್ಕನಿಯ ನೆರಳಿನಲ್ಲಿಡಿ. ಹನಿ ಕವರಿನ ಮೇಲೆ ಕೂರುತ್ತದೆ. ಮಂಜು ಕಟ್ಟಿರುವಾಗ ಲೆನ್ಸ್ ಬಿಚ್ಚಿದರೆ ಆ ತೇವ ಸೆನ್ಸರಿಗೂ ಹೋಗುತ್ತದೆ, ಆ ಕೆಲಸ ಮಾತ್ರ ಮಾಡಬೇಡಿ. ಹಿಮದ ಜಾಗದಲ್ಲಿ ಇದೇ ತೊಂದರೆ ಹೊರಗಿನಿಂದ ಒಳಗೆ ಬಂದಾಗ ಆಗುತ್ತದೆ.

ಎತ್ತರದ ಕಟ್ಟಡಗಳ ಗಾಜಿನ ಹಿಂದಿನಿಂದ ರಾತ್ರಿ ತೆಗೆಯುವಾಗ ನಿಮ್ಮದೇ ಬಿಂಬ ಮೂಡುತ್ತದೆ. ಲೆನ್ಸನ್ನು ಗಾಜಿಗೆ ತಾಗುವಷ್ಟು ಹತ್ತಿರ ಹಿಡಿದು ಸುತ್ತ ಕಪ್ಪು ಶಾಲು ಅಥವಾ ದುಪಟ್ಟಾ ಸುತ್ತಿದರೆ ಬಿಂಬ ಹೋಗುತ್ತದೆ. ಇಲ್ಲಿ ಚಿಕ್ಕ ಪ್ರೈಮೇ ಚೆಂದ, ಬಾಯಿ ಕಿರಿದಾದಷ್ಟೂ ಮುಚ್ಚುವುದು ಸುಲಭ.

ಲೆನ್ಸಿನ ಮುಂದೆ ಹಾಕುವ ಯುವಿ ಫಿಲ್ಟರನ್ನು ರಾತ್ರಿ ದೀಪಗಳಿಗೆ ಮತ್ತು ಎದುರು ಸೂರ್ಯನಿಗೆ ಕಳಚಿಡಿ. ಆಂಕೋರ್ ವಾಟ್ ಪಶ್ಚಿಮಕ್ಕೆ ಮುಖ ಮಾಡಿದ ಗುಡಿ, ಬೆಳಗಿನ ಸೂರ್ಯ ಗೋಪುರಗಳ ಹಿಂದಿನಿಂದ ಬರುತ್ತಾನೆ. ಫಿಲ್ಟರ್ ಇದ್ದರೆ ಕೊಳದ ನೀರಿನ ಮೇಲೆ ಹಸಿರು ಚುಕ್ಕೆಗಳು ತೇಲುತ್ತವೆ. ಗುಡಿಯ ಮುಖದ ಮೇಲೆ ನೇರ ಬೆಳಕು ಬೇಕಾದರೆ ಮಧ್ಯಾಹ್ನದ ಮೇಲೆ ಹೋಗಿ.

ದುಬೈನ ಮರಳುಗಾಡಿನಲ್ಲಿ ಲೆನ್ಸ್ ಬದಲಿಸಬೇಡಿ. ಬೇರೆ ಕಡೆ ಬದಲಿಸುವಾಗ ಕ್ಯಾಮೆರಾ ಆಫ್ ಮಾಡಿ, ಬಾಯಿ ಕೆಳಕ್ಕೆ ಮಾಡಿ, ಗಾಳಿಗೆ ಬೆನ್ನು ಕೊಟ್ಟು ಬದಲಿಸಿ. ಧೂಳು ಕೂತಿದೆಯೇ ತಿಳಿಯಲು ಸಂಜೆ ರೂಮಿನಲ್ಲಿ ಎಫ್ 16ರಲ್ಲಿ ಬಿಳಿ ಗೋಡೆಯದೊಂದು ಫೋಟೊ ತೆಗೆಯಿರಿ. ಕಪ್ಪು ಚುಕ್ಕೆ ಕಂಡರೆ ರಬ್ಬರ್ ಬ್ಲೋವರಿನಿಂದ ಊದಿ, ಬಾಯಿಂದ ಊದಬೇಡಿ, ಉಗುಳಿನ ಹನಿ ಅಂಟುತ್ತದೆ.

ವ್ಯಾಟಿಕನ್ನಿನ ಸಿಸ್ಟೀನ್ ಚಾಪೆಲ್‌ನಲ್ಲಿ ಫೋಟೊಗೆ ಅವಕಾಶವೇ ಇಲ್ಲ. ಪ್ಯಾರಿಸಿನ ಲೂವ್ರ್‌ನಲ್ಲಿ ತೆಗೆಯಬಹುದು, ಫ್ಲ್ಯಾಶ್ ಕೂಡದು. ಅಲ್ಲಿನ ಮೊನಾಲಿಸಾ ಚಿತ್ರ 77×53 ಸೆಂಟಿಮೀಟರ್ ಅಷ್ಟೇ, ಜನಜಂಗುಳಿಯ ಹಿಂದೆ 5 ಮೀಟರ್ ದೂರದಿಂದ 50 ಎಂಎಂನಲ್ಲಿ ಫ್ರೇಮಿನ ಅರ್ಧ ಎತ್ತರಕ್ಕೆ ಬರುತ್ತದೆ. ಆ ಸಭಾಂಗಣಕ್ಕೆ ಜೂಮ್ ಹಾಕಿಕೊಂಡು ಹೋಗಿ.

ಹೊರಡುವ ದಿನ

ಲೆನ್ಸ್, ಬಾಡಿ, ಬಿಡಿ ಬ್ಯಾಟರಿ ಎಲ್ಲವೂ ಕೈಚೀಲದಲ್ಲೇ ಇರಬೇಕು. ಬಿಡಿ ಬ್ಯಾಟರಿಯನ್ನು ಚೆಕ್‌-ಇನ್ ಲಗೇಜಿಗೆ ಹಾಕುವಂತಿಲ್ಲ, ಅದರ ಲೋಹದ ಬಾಯಿಗೆ ಟೇಪ್ ಹಚ್ಚಿ. ದೇವನಹಳ್ಳಿ ಏರ್‌ಪೋರ್ಟ್ ಚಿಕ್ಕಬಳ್ಳಾಪುರಕ್ಕೆ ಹತ್ತಿರ ಎಂದು ಕೊನೆಯ ಗಳಿಗೆಗೆ ಹೊರಡಬೇಡಿ, ಒಂದು ಕೆಲಸ ಬಾಕಿ ಇರುತ್ತದೆ. ಬೆಲೆಬಾಳುವ ಲೆನ್ಸ್ ಇದ್ದರೆ ಹೋಗುವಾಗಲೇ ಕಸ್ಟಮ್ಸ್ ಕೌಂಟರಿನಲ್ಲಿ ಸಾಮಾನು ತೋರಿಸಿ ಎಕ್ಸ್‌ಪೋರ್ಟ್ ಸರ್ಟಿಫಿಕೇಟ್ ಬರೆಸಿಕೊಳ್ಳಿ. ವಾಪಸ್ ಬರುವಾಗ ಇದನ್ನು ಹೊರಗೆ ಕೊಂಡು ತಂದದ್ದಲ್ಲ ಎಂದು ತೋರಿಸಲು ಅದೇ ಆಧಾರ. ಬಾಡಿ ಮತ್ತು ಲೆನ್ಸುಗಳ ಸೀರಿಯಲ್ ನಂಬರನ್ನು ಮನೆಯಲ್ಲೇ ಒಂದು ಚೀಟಿಯಲ್ಲಿ ಬರೆದು, ಬಿಲ್ಲಿನ ಜೆರಾಕ್ಸ್ ಜೊತೆ ಪಾಸ್‌ಪೋರ್ಟಿನ ಕವರಿನಲ್ಲಿ ಇಟ್ಟುಕೊಳ್ಳಿ. ಲೆನ್ಸಿನ ನಂಬರು ಎಷ್ಟೋ ಸಲ ಮೌಂಟಿನ ಪಕ್ಕ ಸಣ್ಣಗೆ ಕೊರೆದಿರುತ್ತದೆ, ಕೌಂಟರಿನ ಎದುರು ನಿಂತು ಹುಡುಕುವಷ್ಟು ಸುಲಭವಾಗಿ ಕಾಣುವುದಿಲ್ಲ.